ಹುಕ್ ಗಟ್ಟಿ, ಲೆಕ್ಕ ಪಕ್ಕಾ: ಕಬ್ಬಿನ ಟ್ರ್ಯಾಕ್ಟರ್‌ನಲ್ಲಿ ಗೆಲ್ಲಲು 15 ಸೂತ್ರಗಳು

ಜಮಖಂಡಿ ಭಾಗದ ತುಬಚಿಯ ಹೊಲದಲ್ಲಿ ಕಡಿದ ಕಬ್ಬು ಹಿರೇಪಡಸಲಗಿಗೆ ಹೋಗಲಿ, ಸಿದ್ದಾಪುರಕ್ಕೆ ಹೋಗಲಿ, ಸಮೀರವಾಡಿ, ಮುಧೋಳ, ಬಾಡಗಂಡಿಯ ಕಾರ್ಖಾನೆಗೇ ಹೋಗಲಿ, ಅಷ್ಟೂ ಟನ್ ಭಾರ ನಿಂತಿರುವುದು ಒಂದು ಪಿನ್ನಿನ ಮೇಲೆ. ಟ್ರ್ಯಾಕ್ಟರ್‌ನ ಹುಕ್ಕಿಗೂ ಡಬ್ಬಿಯ (ಟ್ರೇಲರ್) ಡ್ರಾಬಾರಿಗೂ ನಡುವೆ ಇರುವ ಆ ಪಿನ್ ಗಟ್ಟಿಯಾಗಿದ್ದರೆ ನಿಮ್ಮ ಹಂಗಾಮು ಗಟ್ಟಿ, ನಿಮ್ಮ ಇಎಂಐ ಗಟ್ಟಿ.

ನೀವು ಸಾಲ ಮಾಡಿ ಟ್ರ್ಯಾಕ್ಟರ್ ತಂದ ಯುವಕರಿರಬಹುದು. ದಿನದ ಪಗಾರಕ್ಕೆ ಸ್ಟೇರಿಂಗ್ ಹಿಡಿದ ಡ್ರೈವರ್ ಇರಬಹುದು. ಐಟಿಐ ಮುಗಿಸಿ ಗ್ಯಾರೇಜ್ ಹಾಕುವ ಯೋಚನೆಯಲ್ಲಿರುವ ವಿದ್ಯಾರ್ಥಿ ಇರಬಹುದು. ಬೆಳೆಯಬೇಕು ಎಂಬ ಆಸೆ ನಿಮಗಿದೆ. ಆ ಆಸೆಗೆ ಬೇಕಾದ ಮೊದಲ ಸ್ಕಿಲ್ ತೂಕದ ಲೆಕ್ಕ. "ನಡೀತೈತಿ ಬಿಡ್ರಿ" ಎನ್ನುವುದು ಒಂದು ಅಭ್ಯಾಸ, "ನನ್ನಿಂದ ಆಗುತ್ತೋ ಇಲ್ಲವೋ" ಎನ್ನುವುದು ಇನ್ನೊಂದು ಅಭ್ಯಾಸ. ಎರಡನ್ನೂ ಇವತ್ತೇ ಬಿಡಿ. ಕೆಳಗಿನ 15 ಸೂತ್ರ ಹಿಡಿಯಿರಿ.

1. ಮೊದಲು ನಂಬರ್ ಕಂಠಪಾಠ ಮಾಡಿ

ಆರ್‌ಸಿ ತೆಗೆಯಿರಿ. ಎರಡು ಸಾಲು ಹುಡುಕಿ: ಅನ್‌ಲೇಡನ್ ವೇಟ್ ಮತ್ತು ಗ್ರಾಸ್ ವೆಹಿಕಲ್ ವೇಟ್. ಟ್ರ್ಯಾಕ್ಟರ್‌ದೂ ನೋಡಿ, ಟ್ರೇಲರ್‌ದೂ ನೋಡಿ. ಗ್ರಾಸ್ ವೇಟ್‌ನಿಂದ ಅನ್‌ಲೇಡನ್ ವೇಟ್ ಕಳೆಯಿರಿ. ಉಳಿದದ್ದೇ ನೀವು ಹೇರಬಹುದಾದ ಭಾರ. ನಂತರ ಟ್ರ್ಯಾಕ್ಟರ್ ಕಂಪನಿಯ ಮ್ಯಾನ್ಯುಯಲ್ ತೆರೆದು, ಎಷ್ಟು ತೂಕದ ಟ್ರೇಲರ್ ಎಳೆಯಬಹುದು ಎಂದು ಬರೆದಿರುವ ಪುಟದ ಫೋಟೋ ತೆಗೆದು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ.

ಯಾಕೆ? ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 113 ನೋಡುವುದು ಇದೇ ಆರ್‌ಸಿ ನಂಬರ್. ಡಬ್ಬಿಯಲ್ಲಿ ಇನ್ನೂ ಜಾಗ ಇತ್ತು ಎನ್ನುವುದು ಅಲ್ಲಿ ಉತ್ತರವಾಗುವುದಿಲ್ಲ. ಡಬ್ಬಿಯ ಅಳತೆ ಬೇರೆ, ಮಿತಿ ಬೇರೆ.

2. ಇಡೀ ಜೋಡಿಯ ತೂಕ ಕೂಡಿಸಿ

ಟ್ರ್ಯಾಕ್ಟರ್ ಒಂದು, ಡಬ್ಬಿ ಒಂದು ಎಂದು ಬಿಡಿಬಿಡಿಯಾಗಿ ನೋಡಬೇಡಿ. ರಸ್ತೆಯ ಮೇಲೆ ಇವೆರಡೂ ಸೇರಿ ಒಂದೇ ಗಾಡಿ. ಕೂಡಿಸಿ ಬರೆಯಿರಿ.

ಯುರೋಪಿನಲ್ಲಿ ಮೋಟರ್‌ಹೋಮ್ ಇಟ್ಟುಕೊಂಡವರು ಹಿಂದೆ ಟೋ ಬಾರ್ ಹಾಕಿಸುವ ಮುನ್ನ ಮಾಡುವ ಮೊದಲ ಕೆಲಸ ಇದೇ. ಗಾಡಿಯ ಪ್ಲೇಟಿನ ಮೇಲೆ ನಾಲ್ಕು ನಂಬರ್ ಇರುತ್ತವೆ: ಗಾಡಿಯ ಗರಿಷ್ಠ ತೂಕ, ಗಾಡಿ ಮತ್ತು ಟ್ರೇಲರ್ ಸೇರಿದ ಗರಿಷ್ಠ ಟ್ರೇನ್ ವೇಟ್, ಮುಂದಿನ ಆ್ಯಕ್ಸಲ್ ಮಿತಿ, ಹಿಂದಿನ ಆ್ಯಕ್ಸಲ್ ಮಿತಿ. ಗಾಡಿಯ ಮಿತಿ 3,500 ಕೆಜಿ, ಟ್ರೇನ್ ವೇಟ್ 5,500 ಕೆಜಿ ಎಂದು ಇಟ್ಟುಕೊಳ್ಳಿ. ಗಾಡಿ ತನ್ನ ಮಿತಿಯವರೆಗೆ ತುಂಬಿದ್ದರೆ ಟ್ರೇಲರ್‌ಗೆ ಉಳಿದದ್ದು 2,000 ಕೆಜಿ, ಒಂದು ಕೆಜಿಯೂ ಹೆಚ್ಚಿಲ್ಲ. ಟೋ ಬಾರ್‌ನ ಸ್ವಂತ ತೂಕವೂ ಗಾಡಿಯ ಲೆಕ್ಕಕ್ಕೇ ಸೇರುತ್ತದೆ. ರಜೆಗೆ ಹೋಗುವವರು ಇಷ್ಟು ಲೆಕ್ಕ ಹಾಕುತ್ತಾರೆ. ದುಡಿಮೆಗೆ ಹೊರಟ ನೀವು ಇನ್ನೂ ಚೆನ್ನಾಗಿ ಹಾಕಬೇಕು.

3. ಅಂದಾಜು ಬಿಡಿ, ಕಾಟಾ ಮೇಲೆ ನಿಲ್ಲಿಸಿ

ಹಂಗಾಮು ಶುರುವಾಗುವ ಮುನ್ನ ಒಂದು ಬೆಳಗ್ಗೆ ವೇಬ್ರಿಜ್‌ಗೆ ಹೋಗಿ. ಟ್ರ್ಯಾಕ್ಟರ್ ಪೂರಾ ಹತ್ತಿಸಿ ತೂಕ ಮಾಡಿಸಿ. ಆಮೇಲೆ ಮುಂದಿನ ಗಾಲಿ ಮಾತ್ರ ಹತ್ತಿಸಿ. ಆಮೇಲೆ ಹಿಂದಿನ ಗಾಲಿ ಮಾತ್ರ. ಖಾಲಿ ಡಬ್ಬಿಯನ್ನು ಬೇರೆ ತೂಗಿಸಿ. ಚೀಟಿಗಳನ್ನು ಫೈಲ್‌ಗೆ ಹಾಕಿ.

ಆರ್‌ಸಿಯಲ್ಲಿರುವುದು ಗಾಡಿ ಹೊಸದಿದ್ದಾಗಿನ ತೂಕ. ಆಮೇಲೆ ನೀವು ಬಂಪರ್ ಹಾಕಿಸಿದ್ದೀರಿ, ಟಾಪ್ ಹಾಕಿಸಿದ್ದೀರಿ, ಸೌಂಡ್ ಬಾಕ್ಸ್ ಕೂರಿಸಿದ್ದೀರಿ, ಡಬ್ಬಿಯ ತಳಕ್ಕೆ ದಪ್ಪ ಪ್ಲೇಟ್ ಬಡಿಸಿದ್ದೀರಿ. ಇವೆಲ್ಲ ಕಬ್ಬಿನ ಪಾಲಿನ ತೂಕ ತಿನ್ನುತ್ತವೆ. ಎಷ್ಟು ತಿಂದವು ಎಂದು ಕಾಟಾ ಮಾತ್ರ ಹೇಳುತ್ತದೆ.

4. ಹುಕ್ ತಗ್ಗಿನಲ್ಲಿ ಹಾಕಿ

ಕಂಪನಿ ಹೇಳಿದ ತೂತಿನಲ್ಲೇ ಹುಕ್ ಕೂಡಿಸಿ. ಏರು ಹತ್ತುವುದಿಲ್ಲ ಎಂದು ಒಂದು ತೂತು ಮೇಲೆ ಹಾಕಬೇಡಿ. ಟಾಪ್ ಲಿಂಕ್‌ನಿಂದ ಎಂದೂ ಎಳೆಯಬೇಡಿ.

ಲೆಕ್ಕ ನೋಡಿ. ಡ್ರೈವರ್ ಸೇರಿ 2,500 ಕೆಜಿ ತೂಗುವ ಟ್ರ್ಯಾಕ್ಟರ್: ಮುಂದೆ 900, ಹಿಂದೆ 1,600. ಮುಂದಿನ ಆ್ಯಕ್ಸಲ್‌ನಿಂದ ಹಿಂದಿನ ಆ್ಯಕ್ಸಲ್‌ಗೆ 2.1 ಮೀಟರ್. ಹಿಂದೆ ಎರಡು ಡಬ್ಬಿ, ಒಂದೊಂದೂ ಕಬ್ಬು ಸಮೇತ 12 ಟನ್. ರಸ್ತೆ 100 ಮೀಟರ್‌ಗೆ 5 ಮೀಟರ್ ಏರುತ್ತದೆ. 24 ಟನ್ ಹಿಂದಕ್ಕೆ ಜಗ್ಗುವ ಬಲ 1,200 ಕೆಜಿ. ಗಾಲಿ ಉರುಳಿಸಲು ತೂಕದ 2 ಶೇಕಡಾ ಎಂದು ಹಿಡಿದರೆ ಇನ್ನೂ 480. ಹುಕ್ಕಿನ ಮೇಲೆ ಒಟ್ಟು 1,680 ಕೆಜಿ ಎಳೆತ.

ಹುಕ್ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದ್ದರೆ ಮುಂದಿನ ಗಾಲಿಯಿಂದ ಎತ್ತಿಹೋಗುವ ಭಾರ 400 ಕೆಜಿ. 0.9 ಮೀಟರ್ ಎತ್ತರದಲ್ಲಿದ್ದರೆ 720 ಕೆಜಿ. 900ರಲ್ಲಿ 720 ಹೋದರೆ ಉಳಿಯುವುದು 180. ಆ ಹೊತ್ತಿಗೆ ಸ್ಟೇರಿಂಗ್ ತಿರುಗುತ್ತದೆ, ಟ್ರ್ಯಾಕ್ಟರ್ ತಿರುಗುವುದಿಲ್ಲ. ಗುಂಡಿಯಲ್ಲಿ ಒಂದು ಜರ್ಕ್ ಬಂದರೆ ಮೂತಿ ಮೇಲೆದ್ದು ಹಿಂದಕ್ಕೆ ಮಗುಚುತ್ತದೆ. ಹುಕ್ ಮೇಲೇರಿಸಿದವರಿಗೆ ಹಿಂದಿನ ಗಾಲಿಯಲ್ಲಿ ಹೆಚ್ಚು ಗ್ರಿಪ್ ಸಿಗುತ್ತದೆ, ನಿಜ. ಆ ಗ್ರಿಪ್ ಬಂದಿದ್ದು ಮುಂದಿನ ಗಾಲಿಯ ಭಾರ ಕದ್ದು. ಗ್ರಿಪ್ ಸಾಲುತ್ತಿಲ್ಲ ಎಂದರೆ ಭಾರ ಇಳಿಸಿ. ಕಂಪನಿ ಹೇಳಿದಷ್ಟು ಫ್ರಂಟ್ ವೇಟ್ ಹಾಕಿಸಿ.

5. ಎರಡು ಗಾಲಿಯ ಡಬ್ಬಿಯಿದ್ದರೆ ಮೂತಿಯ ಭಾರ ಅಳೆಯಿರಿ

ನಾಲ್ಕು ಗಾಲಿಯ ಡಬ್ಬಿ ತನ್ನ ಭಾರ ತಾನೇ ಹೊರುತ್ತದೆ. ಎರಡು ಗಾಲಿಯದ್ದು ಒಂದಷ್ಟು ಭಾರವನ್ನು ನಿಮ್ಮ ಹುಕ್ಕಿನ ಮೇಲೆ ಇಡುತ್ತದೆ. ಹುಕ್ ಹಿಂದಿನ ಆ್ಯಕ್ಸಲ್‌ನಿಂದ 0.6 ಮೀಟರ್ ಹಿಂದಿದ್ದು, ಮೇಲೆ 500 ಕೆಜಿ ಕೂತರೆ, ಹಿಂದಿನ ಆ್ಯಕ್ಸಲ್ ಮೇಲೆ ಬೀಳುವುದು ಸುಮಾರು 643 ಕೆಜಿ. ಹೆಚ್ಚಿನ 143 ಬಂದಿದ್ದು ಮುಂದಿನ ಗಾಲಿಯಿಂದ.

ಸೂತ್ರ ಸುಲಭ: ಹುಕ್ಕಿನ ಭಾರವನ್ನು ಆ್ಯಕ್ಸಲ್‌ನಿಂದ ಹುಕ್ಕಿನ ದೂರದಿಂದ ಗುಣಿಸಿ, ವೀಲ್‌ಬೇಸ್‌ನಿಂದ ಭಾಗಿಸಿ. ಮುಂದೆ ಎಷ್ಟು ಕಡಿಮೆಯಾಯಿತು ಎಂದು ಸಿಗುತ್ತದೆ. ಹುಕ್ಕನ್ನು ಉದ್ದ ಮಾಡಿಸಿದಷ್ಟೂ ಈ ನಷ್ಟ ಹೆಚ್ಚು. ಕಬ್ಬು ಹೇರುವಾಗ ಡಬ್ಬಿಯ ಹಿಂಭಾಗಕ್ಕೇ ಪೂರಾ ಭಾರ ಹಾಕಬೇಡಿ, ಅದು ಹುಕ್ಕನ್ನು ಮೇಲಕ್ಕೆ ಎತ್ತುತ್ತದೆ. ಮುಂದಕ್ಕೇ ಪೂರಾ ಹಾಕಬೇಡಿ, ಅದು ಹುಕ್ಕನ್ನು ನೆಲಕ್ಕೆ ಒತ್ತುತ್ತದೆ. ಭಾರದ ನಡು ಗಾಲಿಯ ಸ್ವಲ್ಪ ಮುಂದೆ ಇರಲಿ.

6. ವಾರಕ್ಕೊಮ್ಮೆ ಪಿನ್ ಕೈಯಲ್ಲಿ ಹಿಡಿದು ನೋಡಿ

ಪಿನ್ ತೆಗೆಯಿರಿ. ಬಟ್ಟೆಯಿಂದ ಒರೆಸಿ. ಬೆರಳಿನಿಂದ ಸವರಿ. ನಡುವೆ ಸೊಂಟದಂತೆ ಸವೆದಿದ್ದು ಬೆರಳಿಗೇ ಗೊತ್ತಾಗುತ್ತದೆ. ವರ್ನಿಯರ್ ಇದ್ದರೆ ಅಳೆಯಿರಿ. 32 ಮಿ.ಮೀ. ಪಿನ್ 29ಕ್ಕೆ ಬಂದಿದ್ದರೆ ಸವೆದದ್ದು ಮೂರೇ ಮಿ.ಮೀ. ಎನ್ನಬೇಡಿ. ಬಲ ಇರುವುದು ಅಡ್ಡಕೊಯ್ತದ ವಿಸ್ತೀರ್ಣದಲ್ಲಿ. ಅದು ಸುಮಾರು 18 ಶೇಕಡಾ ಹೋಗಿರುತ್ತದೆ.

ಬಿರುಕು ಹುಡುಕಲು ಗ್ಯಾರೇಜಿನ ಹಳೆಯ ಉಪಾಯ ಬಳಸಿ. ಹುಕ್ ಮತ್ತು ಅದರ ಬ್ರಾಕೆಟ್‌ಗೆ ಡೀಸೆಲ್ ಸವರಿ ಸ್ವಲ್ಪ ಹೊತ್ತು ಬಿಡಿ. ಒಣಗುವಂತೆ ಒರೆಸಿ, ಮೇಲೆ ಸೀಮೆಸುಣ್ಣ ತೀಡಿ. ಬಿರುಕು ಇದ್ದರೆ ಒಳಗೆ ನಿಂತ ಡೀಸೆಲ್ ಹೊರಬಂದು ಬಿಳಿಯ ಮೇಲೆ ಕಪ್ಪು ಗೆರೆ ಬಿಡಿಸುತ್ತದೆ. ಗೆರೆ ಕಂಡರೆ ಆ ದಿನ ಗಾಡಿ ಹೊರಡಬಾರದು. ಅಂಗಡಿಯ ಹೈ ಟೆನ್ಸೈಲ್ ಪಿನ್ ಬದಲಿಗೆ ಕತ್ತರಿಸಿದ ರಾಡ್ ತುಂಡು ಹಾಕುವುದು ನಿಷಿದ್ಧ ಎಂದು ತಿಳಿಯಿರಿ. ಪಿನ್ನಿನ ಕೆಳಗೆ ಲಾಕ್ ಕ್ಲಿಪ್, ಪಕ್ಕದಲ್ಲಿ ಸೇಫ್ಟಿ ಚೈನ್ ಇರಲೇಬೇಕು. ಪಿನ್ ಹಾರಿದರೂ ಡಬ್ಬಿ ನಿಮ್ಮ ಹಿಂದೆಯೇ ಉಳಿಯಬೇಕು, ಎದುರಿನ ಬೈಕ್ ಮೇಲೆ ಹೋಗಬಾರದು.

7. ಎರಡು ಡಬ್ಬಿಗಳ ನಡುವಿನ ಹುಕ್ಕಿಗೆ ಹೆಚ್ಚು ಗಮನ ಕೊಡಿ

ಎಲ್ಲರೂ ಟ್ರ್ಯಾಕ್ಟರ್‌ನ ಹುಕ್ ನೋಡುತ್ತಾರೆ. ನೀವು ನಡುವಿನದ್ದನ್ನೂ ನೋಡಿ. ಕಪ್ಲಿಂಗ್ ಎಷ್ಟು ಪೆಟ್ಟು ತಡೆಯಬೇಕು ಎನ್ನಲು ವಿಶ್ವಸಂಸ್ಥೆಯ ವಾಹನ ನಿಯಮ 55ರಲ್ಲಿ ಡಿ ವ್ಯಾಲ್ಯೂ ಎಂಬ ಲೆಕ್ಕ ಇದೆ. ಎಳೆಯುವ ತೂಕವನ್ನೂ ಎಳೆಸಿಕೊಳ್ಳುವ ತೂಕವನ್ನೂ ಟನ್‌ನಲ್ಲಿ ಗುಣಿಸಿ, ಎರಡರ ಮೊತ್ತದಿಂದ ಭಾಗಿಸಿ, 9.81ರಿಂದ ಗುಣಿಸಿ. ಉತ್ತರ ಕಿಲೋನ್ಯೂಟನ್‌ನಲ್ಲಿ.

2.5 ಟನ್ ಟ್ರ್ಯಾಕ್ಟರ್, ಹಿಂದೆ 24 ಟನ್: ಮೊದಲ ಹುಕ್ಕಿಗೆ ಸುಮಾರು 22. ಈಗ ನಡುವಿನ ಹುಕ್ಕಿಗೆ ಇದೇ ಸೂತ್ರ ಹಾಕಿ. ಮುಂದೆ ಟ್ರ್ಯಾಕ್ಟರ್ ಮತ್ತು ಮೊದಲ ಡಬ್ಬಿ ಸೇರಿ 14.5 ಟನ್, ಹಿಂದೆ 12 ಟನ್. ಉತ್ತರ ಸುಮಾರು 64. ಹತ್ತಿರಹತ್ತಿರ ಮೂರು ಪಟ್ಟು! ಎರಡು ಭಾರೀ ತೂಕಗಳು ಪರಸ್ಪರ ಗುದ್ದಾಡುವ ಜಾಗ ಅದು. ಅಲ್ಲಿ ಸವೆದ ಪಿನ್ ಹಾಕಿ ಹೊರಡುವವರಿಗೆ ಈ ಲೆಕ್ಕ ತೋರಿಸಿ. ಎರಡನೇ ಡಬ್ಬಿ ಜೋಡಿಸುವ ಮುನ್ನ ನಿಮ್ಮ ಮಾಡೆಲ್‌ಗೆ ಅದಕ್ಕೆ ಅವಕಾಶ ಇದೆಯೇ ಎಂದು ಮ್ಯಾನ್ಯುಯಲ್‌ನಲ್ಲೂ ಜಮಖಂಡಿಯ ಆರ್‌ಟಿಒ ಕಚೇರಿಯಲ್ಲೂ ಕೇಳಿ. ಕೇಳಿದರೆ ಸಣ್ಣವರಾಗುವುದಿಲ್ಲ.

8. ವೆಲ್ಡಿಂಗ್‌ಗೆ ಮುನ್ನ ಕಾಯ್ದೆ ಓದಿ

ಡಬ್ಬಿಯ ಗೋಡೆ ಎತ್ತರಿಸುವುದು, ಚಾಸಿ ಉದ್ದ ಮಾಡಿಸುವುದು ಸುಲಭ. ಒಂದೇ ದಿನದ ಕೆಲಸ. ಆದರೆ ಕಾಯ್ದೆಯ ಸೆಕ್ಷನ್ 52 ಹೇಳುವುದು ನೇರವಾಗಿದೆ: ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆಯಾಗದಂತೆ ಗಾಡಿ ಬದಲಿಸುವಂತಿಲ್ಲ. ಗೋಡೆ ಎತ್ತರವಾದರೂ ಆ್ಯಕ್ಸಲ್ ಅದೇ, ಟೈರ್ ಅದೇ, ಹುಕ್ ಅದೇ.

ಹುಕ್ ಬದಲಿಸಬೇಕಾದರೆ ಕಂಪನಿಯ ಪಾರ್ಟ್ ತರಿಸಿ. ಬೋಲ್ಟ್‌ಗಳನ್ನು ಟಾರ್ಕ್ ವ್ರೆಂಚ್‌ನಿಂದ, ಮ್ಯಾನ್ಯುಯಲ್‌ನಲ್ಲಿರುವ ಅಳತೆಗೆ ಬಿಗಿ ಮಾಡಿಸಿ. ಗಟ್ಟಿಯಾಗಲಿ ಎಂದು ಪಿನ್ನಿನ ಮೇಲೆ ವೆಲ್ಡಿಂಗ್ ಹೊಡೆಸಬೇಡಿ. ಹದ ಹಾಕಿದ ಉಕ್ಕಿಗೆ ಆ ಬಿಸಿ ತಾಗಿದರೆ ಹದ ಹೋಗುತ್ತದೆ, ವೆಲ್ಡಿಂಗ್‌ನ ಪಕ್ಕದಲ್ಲೇ ಬಿರುಕು ಬಿಡುತ್ತದೆ.

9. ಎಳೆಯುವ ಶಕ್ತಿಗಿಂತ ನಿಲ್ಲಿಸುವ ಶಕ್ತಿ ನೋಡಿ

ಜಾತ್ರೆಯ ಸ್ಪರ್ಧೆಯಲ್ಲಿ ಚಪ್ಪಾಳೆ ಬೀಳುವುದು ಜಗ್ಗುವವನಿಗೆ. ರಸ್ತೆಯಲ್ಲಿ ಬದುಕುವವನು ನಿಲ್ಲಿಸುವವನು. ಬ್ರೇಕ್ ಹಿಂದಿನ ಎರಡು ಗಾಲಿಗೆ ಮಾತ್ರ ಇರುವ ಟ್ರ್ಯಾಕ್ಟರ್, ಬ್ರೇಕ್ ಇಲ್ಲದ ಡಬ್ಬಿ ಎಂದು ಇಟ್ಟುಕೊಂಡು ಅದೇ ಲೆಕ್ಕ ಮುಂದುವರಿಸಿ. ಹಿಂದಿನ ಗಾಲಿಯ ಮೇಲೆ 1,600 ಕೆಜಿ. ಒಣ ಟಾರ್ ರಸ್ತೆಯಲ್ಲಿ ಸಿಗುವ ಹಿಡಿತ ಅದರ 70 ಶೇಕಡಾ, ಅಂದರೆ 1,120 ಕೆಜಿ. ಜೊತೆಗೆ ಗಾಲಿ ಉರುಳುವಾಗಿನ ಆ 2 ಶೇಕಡಾ ತಡೆ. ಇಷ್ಟರಲ್ಲಿ 26.5 ಟನ್ ನಿಲ್ಲಬೇಕು.

ಗಂಟೆಗೆ 25 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದರೆ ಸಮತಟ್ಟು ರಸ್ತೆಯಲ್ಲಿ ನಿಲ್ಲಲು ಸುಮಾರು 40 ಮೀಟರ್ ಬೇಕು. ಒಂದೇ ಡಬ್ಬಿಯಿದ್ದರೆ 25 ಮೀಟರ್ ಸಾಕು. 5 ಶೇಕಡಾ ಇಳಿಜಾರಿನಲ್ಲಿ ಒಂದು ಡಬ್ಬಿಗೆ ಸುಮಾರು 50 ಮೀಟರ್, ಎರಡು ಡಬ್ಬಿಗೆ ಸುಮಾರು 200 ಮೀಟರ್! ಇನ್ನೊಂದು ಹೋಲಿಕೆ: ಕೇಂದ್ರ ಸರ್ಕಾರದ 2018ರ ಜುಲೈ ಅಧಿಸೂಚನೆ ಎರಡು ಆ್ಯಕ್ಸಲ್‌ನ ಲಾರಿಗೆ ಕೊಟ್ಟ ಒಟ್ಟು ತೂಕ 18.5 ಟನ್, ಅದೂ ಎಲ್ಲ ಗಾಲಿಗೂ ಬ್ರೇಕ್ ಇದ್ದು.

ಆದ್ದರಿಂದ ಮೂರು ನಿಯಮ. ಒಂದು: ರಸ್ತೆಗೆ ಬಂದ ಕೂಡಲೇ ಎಡ ಮತ್ತು ಬಲ ಬ್ರೇಕ್ ಪೆಡಲ್‌ಗಳನ್ನು ಲಾಕ್ ಪಟ್ಟಿಯಿಂದ ಜೋಡಿಸಿ. ಹೊಲದಲ್ಲಿ ತಿರುಗಲು ಬಿಡಿಸಿಟ್ಟ ಪೆಡಲ್ ರಸ್ತೆಯಲ್ಲಿ ಒಂದೇ ಗಾಲಿ ಹಿಡಿದರೆ ಟ್ರ್ಯಾಕ್ಟರ್ ಅಡ್ಡ ತಿರುಗಿ ಡಬ್ಬಿ ಮೇಲೆ ಬರುತ್ತದೆ. ಎರಡು: ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಬೇಡಿ, ಏರು ಹತ್ತಿದ ಗೇರಿನಲ್ಲೇ ಇಳಿಯಿರಿ, ಇಳಿಜಾರು ಶುರುವಾಗುವ ಮುಂಚೆಯೇ ಗೇರ್ ಹಾಕಿ. ಮೂರು: ಹೊಸ ಡಬ್ಬಿ ಕೊಳ್ಳುವಾಗ ಬ್ರೇಕ್ ಇರುವುದನ್ನೇ ಕೇಳಿ ತರಿಸಿ.

10. ಎರೆ ಹೊಲದಿಂದ ಒಂದೊಂದೇ ಡಬ್ಬಿ ಹೊರತನ್ನಿ

ನಮ್ಮ ಕಪ್ಪು ಮಣ್ಣು ಕಬ್ಬಿಗೆ ಚೆನ್ನ, ಗಾಲಿಗೆ ಕಷ್ಟ. ನೀರು ಬಿಟ್ಟ ಹೊಲದಲ್ಲಿ ಗಾಲಿ ಇಳಿಯುತ್ತದೆ, ಎಳೆಯಲು ಬೇಕಾದ ಬಲ ಏರುತ್ತದೆ, ಗ್ರಿಪ್ ಇಳಿಯುತ್ತದೆ. ಮೂರೂ ಒಟ್ಟಿಗೆ ನಿಮ್ಮ ವಿರುದ್ಧ ನಿಲ್ಲುತ್ತವೆ. ಡಬ್ಬಿಗಳನ್ನು ಬಿಡಿಸಿ. ಒಂದನ್ನು ರಸ್ತೆಗೆ ತಂದು ನಿಲ್ಲಿಸಿ ಇನ್ನೊಂದಕ್ಕೆ ಹೋಗಿ.

ಸಿಕ್ಕಿಕೊಂಡರೆ ಜರ್ಕ್ ಹೊಡೆದು ಎಳೆಯಬೇಡಿ. ಸರಪಳಿ ಹರಿದರೆ ಗುಂಡಿನಂತೆ ಬರುತ್ತದೆ. ಸುತ್ತ ನಿಂತ ಕಟಾವು ಗ್ಯಾಂಗಿನವರನ್ನು, ಅವರ ಮಕ್ಕಳನ್ನು ದೂರ ಕಳಿಸಿ. ಗಾಲಿಯ ಮುಂದಿನ ಮಣ್ಣು ಕೆರೆದು ಕಬ್ಬಿನ ವಾಡೆ ಹಾಸಿ, ನಿಧಾನ ಬಿಗಿ ಮಾಡಿ ಎಳೆಯಿರಿ. ಆಗದಿದ್ದರೆ ಅರ್ಧ ಕಬ್ಬು ಇಳಿಸಿ. ಹೊಲದ ಮಾಲೀಕರಿಗೆ ಹಿಂದಿನ ದಿನವೇ ಫೋನ್ ಮಾಡಿ, ಕಡಿಯುವ ಮುನ್ನ ನೀರು ನಿಲ್ಲಿಸಲು ಹೇಳಿ. ಪ್ಲಾನಿಂಗ್ ಇದ್ದಲ್ಲಿ ಪರದಾಟ ಇರುವುದಿಲ್ಲ.

11. "ಸಾಕು" ಎನ್ನಲು ಕಲಿಯಿರಿ

ಹೊಲದಲ್ಲಿ ದಿನವೂ ಬರುವ ಪರೀಕ್ಷೆ ಇದು.

"ತಮ್ಮಾ, ಇನ್ನೊಂದ್ ನಾಕ್ ಹೊರಿ ಉಳದಾವು, ಹಾಕ್ಕೊಂಡ್ ಹೋಗಿಬಿಡು."

"ಕಾಕಾ, ತೂಕ ತುಂಬೇತ್ರಿ. ನಾಳೆ ಮೊದಲ್ನೇ ಟ್ರಿಪ್ಪಿಗೆ ನಿಮ್ದ ತಗೊಂಡ್ ಹೋಗ್ತೀನ್ರಿ."

ಇಷ್ಟೇ ಸಾಕು. ದನಿ ಏರಿಸಬೇಡಿ, ಕಾರಣದ ಪಟ್ಟಿ ಓದಬೇಡಿ. ಬದಲಿ ದಾರಿ ಹೇಳಿ, ಹೇಳಿದ್ದನ್ನು ಮಾಡಿ. ಮರುದಿನ ಮೊದಲ ಟ್ರಿಪ್ ಅವರ ಹೊಲಕ್ಕೇ ಹೋದರೆ ಮುಂದಿನ ಹಂಗಾಮಿಗೆ ಅವರೇ ನಿಮ್ಮನ್ನು ಹುಡುಕಿ ಬರುತ್ತಾರೆ. ಗ್ಯಾಂಗಿನ ಮುಕಾದಮನೊಂದಿಗೂ ಮೊದಲೇ ಮಾತಾಡಿ: ಡಬ್ಬಿಯ ಒಳಬದಿಗೆ ಬಣ್ಣದ ಗೆರೆ ಎಳೆದು, ಇದರ ಮೇಲೆ ಹೇರುವುದಿಲ್ಲ ಎಂದು ಹೇಳಿ. ಮೊದಲ ನಾಲ್ಕಾರು ಟ್ರಿಪ್‌ನ ಕಾರ್ಖಾನೆ ಚೀಟಿ ನೋಡಿದರೆ ಆ ಗೆರೆ ಎಲ್ಲಿರಬೇಕು ಎಂದು ಗೊತ್ತಾಗುತ್ತದೆ.

12. ಟನ್ ಏರಿಸಬೇಡಿ, ಟ್ರಿಪ್ ಏರಿಸಿ

ಕಾಯ್ದೆಯ ಸೆಕ್ಷನ್ 194ರಂತೆ, 2019ರ ತಿದ್ದುಪಡಿಯ ನಂತರ, ಓವರ್‌ಲೋಡ್‌ಗೆ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚಿನ ಪ್ರತಿ ಟನ್‌ಗೆ 2,000. ಹೆಚ್ಚಿನ ಮಾಲು ಇಳಿಸುವ ಖರ್ಚೂ ನಿಮ್ಮದೇ, ಇಳಿಸುವ ತನಕ ಗಾಡಿ ಹೊರಡುವಂತಿಲ್ಲ. ನಿಲ್ಲಿಸಿ ತೂಕ ಮಾಡಿಸಲು ಒಪ್ಪದಿದ್ದರೆ 40,000. ಬದಿಗೆ, ಹಿಂದಕ್ಕೆ ಮಿತಿ ಮೀರಿ ಚಾಚಿದ ಲೋಡ್‌ಗೂ 20,000.

ಈಗ ಬಿಸಿನೆಸ್ ಲೆಕ್ಕ. ಸಾಗಾಟಕ್ಕೆ ಟನ್‌ಗೆ 300 ರೂಪಾಯಿ ಎಂದು ಹಿಡಿಯಿರಿ. ಮೂರು ಟನ್ ಹೆಚ್ಚು ಹೇರಿದರೆ ಸಿಗುವುದು 900. ಒಮ್ಮೆ ಸಿಕ್ಕಿಬಿದ್ದರೆ ಹೋಗುವುದು 26,000. ಅದನ್ನು ತುಂಬಲು ಅಂಥ 29 ಟ್ರಿಪ್ ಬೇಕು, ಒಂದರಲ್ಲೂ ಸಿಕ್ಕಿಬೀಳದೆ. ಕ್ಲಚ್ ಪ್ಲೇಟ್, ಟೈರ್, ಡೀಸೆಲ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ದುಡ್ಡು ಉಳಿಯುವ ದಾರಿ ಬೇರೆ. ಕಾರ್ಖಾನೆಯ ಯಾರ್ಡ್‌ನಲ್ಲಿ ಸಾಲು ಎಷ್ಟಿದೆ ಎಂದು ಹೊರಡುವ ಮುನ್ನ ವಿಚಾರಿಸಿ. ಗ್ಯಾಂಗಿನ ಕಟಾವು, ನಿಮ್ಮ ಗಾಡಿ, ಕಾರ್ಖಾನೆಯ ಚೀಟಿ ಮೂರಕ್ಕೂ ಸಮಯ ಹೊಂದಿಸಿ. ಕಬ್ಬು ಸಾಲಿನಲ್ಲಿ ನಿಂತಷ್ಟೂ ಒಣಗಿ ತೂಕ ಇಳಿಯುತ್ತದೆ, ರೈತರಿಗೂ ನಷ್ಟ, ನಿಮಗೂ ನಷ್ಟ. ಬ್ರೇಕ್‌ಡೌನ್ ಇಲ್ಲದೆ ಹಂಗಾಮು ಪೂರಾ ಓಡಿದ ಗಾಡಿಯೇ ಸಾಲ ತೀರಿಸುತ್ತದೆ.

13. ಹಿಂದೆ ಬರುವವರಿಗೆ ಕಾಣಿಸಿ

ಕೊನೆಯ ಡಬ್ಬಿಯ ಹಿಂದೆ ಕೆಂಪು ರಿಫ್ಲೆಕ್ಟರ್, ಉರಿಯುವ ಟೇಲ್ ಲೈಟ್, ಟ್ರ್ಯಾಕ್ಟರ್‌ನ ನಂಬರ್ ಮೂರೂ ಇರಲಿ. ಎಳೆಯುವ ಗಾಡಿಯ ನಂಬರ್ ಕೊನೆಯ ಟ್ರೇಲರ್ ಮೇಲೆ ಇರಬೇಕು ಎಂಬುದು ಸೆಕ್ಷನ್ 61ರ ಮಾತು. ಕೆಎ-48 ಎಂದು ಬರೆಸಿದರೆ ಸಾಲದು, ಜೋತುಬಿದ್ದ ಕಬ್ಬಿನ ತುದಿ ಅದನ್ನು ಮುಚ್ಚಬಾರದು. ಹೊಲ ಬಿಡುವ ಮುನ್ನ ಹಿಂದೆ ಹೋಗಿ ನಿಂತು ನೋಡಿ, ಮುಚ್ಚಿದ ಕಬ್ಬು ಕತ್ತರಿಸಿ.

ರಾತ್ರಿ ಗಾಡಿ ಕೆಟ್ಟರೆ ರಸ್ತೆಯಿಂದ ಕೆಳಗಿಳಿಸಿ. ಆಗದಿದ್ದರೆ ಸಾಕಷ್ಟು ಹಿಂದೆ ರಿಫ್ಲೆಕ್ಟರ್ ತ್ರಿಕೋನ ಇಡಿ, ಯಾರಾದರೂ ಟಾರ್ಚ್ ಹಿಡಿದು ನಿಲ್ಲಲಿ. ಗಾಲಿಗೆ ಕೊಟ್ಟ ಕಲ್ಲನ್ನು ಹೊರಡುವಾಗ ಎತ್ತಿ ಬದಿಗೆ ಹಾಕಿ. ನೀವು ಬಿಟ್ಟ ಕಲ್ಲು ಮುಂದಿನ ಬೈಕ್ ಸವಾರನ ಸಾವು. ಹಾಡು ಹಿಂದಿನವರ ಹಾರ್ನ್ ಕೇಳುವಷ್ಟು ಸಣ್ಣಗಿರಲಿ. ಇನ್ಶೂರೆನ್ಸ್ ಪಾಲಿಸಿಯಲ್ಲಿ ಟ್ರೇಲರ್ ಹೆಸರೂ ಇದೆಯೇ ಎಂದು ಇವತ್ತೇ ನೋಡಿ. ಟ್ರ್ಯಾಕ್ಟರ್‌ಗೆ ಮಾತ್ರ ಮಾಡಿಸಿ ಡಬ್ಬಿಯನ್ನು ಮರೆತವರು ಅಪಘಾತವಾದಾಗ ಕೋರ್ಟಿಗೆ ಅಲೆಯುತ್ತಾರೆ.

14. ಡ್ರೈವರ್‌ಗೆ ಅಧಿಕಾರ ಕೊಡಿ

ನೀವು ಓನರ್ ಆಗಿದ್ದರೆ ಇದು ನಿಮಗೆ. ಡ್ರೈವರ್ ಓವರ್‌ಲೋಡ್ ಗಾಡಿ ಓಡಿಸಿದರೆ, ಅದು ಓನರ್‌ಗೆ ಗೊತ್ತಿದ್ದೇ ಅಥವಾ ಓನರ್ ಹೇಳಿಯೇ ನಡೆಯಿತು ಎಂದು ಕೋರ್ಟ್ ಭಾವಿಸಬಹುದು. ಸೆಕ್ಷನ್ 113ರಲ್ಲೇ ಹೀಗಿದೆ. "ಅವನು ಹೇರಿದ, ನನಗೆ ಗೊತ್ತಿಲ್ಲ" ಎಂದು ಜಾರಿಕೊಳ್ಳುವುದು ಕಷ್ಟ.

ಆದ್ದರಿಂದ ಡ್ರೈವರ್‌ಗೆ ಸ್ಪಷ್ಟವಾಗಿ ಹೇಳಿ: ಭಾರ ಹೆಚ್ಚಾದರೆ ಗಾಡಿ ಸ್ಟಾರ್ಟ್ ಮಾಡಬೇಡ, ನನ್ನನ್ನು ಕೇಳುವುದೂ ಬೇಡ. ಐದು ನಂಬರ್‌ಗಳನ್ನು ಮಡ್‌ಗಾರ್ಡ್ ಒಳಬದಿಗೆ ಪೇಂಟ್ ಮಾಡಿಸಿ: ಟ್ರ್ಯಾಕ್ಟರ್ ತೂಕ, ಖಾಲಿ ಡಬ್ಬಿ ತೂಕ, ಹೇರಬಹುದಾದ ಕಬ್ಬು, ಟೈರ್ ಗಾಳಿ, ಹುಕ್ ಎತ್ತರ. ಟನ್ ಮೇಲೆ ಬಕ್ಷೀಸು ಕೊಡುವ ಪದ್ಧತಿ ನಿಲ್ಲಿಸಿ. ಅಪಘಾತವಿಲ್ಲದ ತಿಂಗಳಿಗೆ ಬಕ್ಷೀಸು ಕೊಡಿ. ನಿದ್ದೆಗೆ ಸಮಯ ಕೊಡಿ. ನೀವು ಡ್ರೈವರ್ ಆಗಿದ್ದರೆ ಇದನ್ನೆಲ್ಲ ಹಕ್ಕಿನಿಂದ ಕೇಳಿ. ಒಳ್ಳೆಯ ಡ್ರೈವರ್‌ಗೆ ಈ ಭಾಗದಲ್ಲಿ ಕೆಲಸದ ಬರ ಇಲ್ಲ.

15. ಈ ವಿದ್ಯೆಯನ್ನೇ ಕೆರಿಯರ್ ಮಾಡಿಕೊಳ್ಳಿ

ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಟ್ರ್ಯಾಕ್ಟರ್ ಮಾಡೆಲ್‌ಗಳನ್ನು ಪರೀಕ್ಷಿಸಿ ವರದಿ ಕೊಡುತ್ತದೆ. ಡ್ರಾಬಾರ್ ಎಳೆತ, ತೂಕದ ಹಂಚಿಕೆ, ಬ್ರೇಕ್ ಪರೀಕ್ಷೆ ಎಲ್ಲವೂ ಅದರಲ್ಲಿ ಇರುತ್ತವೆ. ನಿಮ್ಮ ಮಾಡೆಲ್‌ನ ವರದಿ ಹುಡುಕಿ ಓದಿ. ಇಂಗ್ಲಿಷ್ ಕಷ್ಟ ಎನ್ನಬೇಡಿ. ಅಲ್ಲಿರುವುದು ಬಹುಪಾಲು ನಂಬರ್, ನಂಬರ್‌ಗೆ ಭಾಷೆ ಇಲ್ಲ.

ಐಟಿಐ, ಡಿಪ್ಲೊಮಾ ವಿದ್ಯಾರ್ಥಿಗಳೇ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳ ಊರೂರಿನಲ್ಲೂ ಕಬ್ಬಿನ ಡಬ್ಬಿಗಳಿವೆ. ಹಂಗಾಮಿಗೆ ಮುನ್ನ ಹುಕ್, ಪಿನ್, ಬ್ರೇಕ್, ಲೈಟ್ ಪರೀಕ್ಷೆ ಮಾಡಿ ಲಿಖಿತ ರಿಪೋರ್ಟ್ ಕೊಡುವ ಗ್ಯಾರೇಜ್ ತೆರೆಯಿರಿ. ಒಂದು ವರ್ನಿಯರ್, ಒಂದು ಟಾರ್ಕ್ ವ್ರೆಂಚ್, ಒಂದು ಟೈರ್ ಗೇಜ್, ಒಂದು ನೋಟ್‌ಬುಕ್ ಇದ್ದರೆ ಶುರು ಮಾಡಬಹುದು. ದೊಡ್ಡ ಬಂಡವಾಳ ಬರಲಿ ಎಂದು ಕಾಯುವುದೂ ಒಂದು ಕೆಟ್ಟ ಅಭ್ಯಾಸ.

ಈ ನೆಲದವರಿಗೆ ಲೆಕ್ಕ ಹೊಸದಲ್ಲ. ಸಿದ್ದು ನ್ಯಾಮಗೌಡರ ನೇತೃತ್ವದಲ್ಲಿ ಇಲ್ಲಿನ ರೈತರು ತಾವೇ ದುಡ್ಡು ಕೂಡಿಸಿ, ತಾವೇ ದುಡಿದು, 1989ರಲ್ಲಿ ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಹೊಳೆಯ ಭಾರ ತಡೆಯುವ ಗೋಡೆಯನ್ನು ಅಂದಾಜಿನಲ್ಲಿ ಕಟ್ಟಲಾಗುವುದಿಲ್ಲ. ಅವರು ಅಳೆದು ಕಟ್ಟಿದರು, ಆ ನೀರಿನಲ್ಲಿ ಕಬ್ಬು ಬೆಳೆಯಿತು. ಆ ಕಬ್ಬನ್ನು ಕಾರ್ಖಾನೆಗೆ ಮುಟ್ಟಿಸುವ ಕೆಲಸ ಈಗ ನಿಮ್ಮ ಕೈಯಲ್ಲಿದೆ.

ನಾಳೆ ಬೆಳಗ್ಗೆ ಆರ್‌ಸಿ ತೆಗೆಯಿರಿ, ಗಾಡಿಯನ್ನು ಕಾಟಾ ಮೇಲೆ ನಿಲ್ಲಿಸಿ, ಪಿನ್ ಅಳೆಯಿರಿ. ಮೂರೂ ಮುಗಿದ ಮೇಲೆ ಕೀಲಿ ತಿರುಗಿಸಿ.